ಪದಚರ್ಚೆ: ಶರೀಅತ್‌ನ ಆಶಯಗಳಲ್ಲಿ ಬರುವ ‘ಹಿಫ್ಝ್’ಗೆ ‘ಜೋಪಾನ’ ಎನ್ನಬಹುದೇ?

ಗೆಳೆಯರಿಗೆ ನಮಸ್ಕಾರ.

ಮಂಡ್ಯದ ಕಾಲೇಜು ಹುಡುಗ ಹುಡುಗಿಯರು ಓದಲೆಂದು ಒಂದು ಚಿಕ್ಕ ಪುಸ್ತಿಕೆಯನ್ನು ಉರ್ದುವಿನಿಂದ ಕನ್ನಡಕ್ಕೆ ತರುತ್ತಿದ್ದೇವೆ. ವಿಷಯ ‘ಮಕಾಸಿದ್’. ಶರೀಅತ್‌ನ ವಿಧಿಗಳು, ನಿಷೇಧಗಳು ಯಾಕಾಗಿ ಇವೆ ಎಂದು ಹುಡುಕುವ ವಿದ್ಯೆ ಇದು. ಮನೆಯಲ್ಲಿ ದಖನಿ ಮಾತಾಡುವ ಮಕ್ಕಳಲ್ಲೂ ಎಷ್ಟೋ ಮಂದಿ ಓದುವುದು, ಬರೆಯುವುದು ಕನ್ನಡದಲ್ಲೇ. ಮುಸ್ಲಿಮರಲ್ಲದ ಓದುಗರೂ ಇರುತ್ತಾರೆ. ಅರಬ್ಬಿ ಪದಗಳನ್ನು ಸುಮ್ನೆ ಕನ್ನಡ ಲಿಪಿಯಲ್ಲಿ ಇಳಿಸಿಬಿಟ್ಟರೆ ಯಾರಿಗೂ ಏನೂ ಸಿಗುವುದಿಲ್ಲ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಮೊದಲು ಹಿನ್ನೆಲೆ. 1111ರಲ್ಲಿ ತೀರಿಕೊಂಡ ಇಮಾಮ್ ಗಝಾಲಿ ಐದನ್ನು ಹೆಸರಿಸಿದರು: ದೀನ್ (ಧರ್ಮ), ನಫ್ಸ್ (ಜೀವ), ಅಕ್ಲ್ (ಬುದ್ಧಿ), ನಸ್ಲ್ (ಸಂತತಿ), ಮಾಲ್ (ಆಸ್ತಿ). ಈ ಐದನ್ನು ಕಾಯುವುದೆಲ್ಲ ಒಳಿತು, ಕೆಡಿಸುವುದೆಲ್ಲ ಕೆಡುಕು ಎಂದರು. ಗ್ರನಾಡಾದ ಇಮಾಮ್ ಶಾತಿಬಿ (ನಿಧನ 1388) ಇದನ್ನು ದೊಡ್ಡ ಶಾಸ್ತ್ರವಾಗಿ ಬೆಳೆಸಿದರು. ಐದರ ಮುಂದೆಯೂ ‘ಹಿಫ್ಝ್’ (ಕಾಯುವುದು) ಎಂಬ ಪದ ಬರುತ್ತದೆ: ಹಿಫ್ಝುದ್ದೀನ್, ಹಿಫ್ಝುಲ್ ಅಕ್ಲ್, ಹಿಫ್ಝುನ್ನಸ್ಲ್, ಹೀಗೆ.

‘ಮಕಾಸಿದ್’ಗೆ ನಾನು ‘ಆಶಯಗಳು’ ಎಂದು ಇಟ್ಟಿದ್ದೇನೆ. ‘ಉದ್ದೇಶ’ ಎಂದರೆ ಒಬ್ಬ ಮನುಷ್ಯನ ಮನಸ್ಸಿನಲ್ಲಿರುವುದು ಎಂಬ ಅರ್ಥ ಮುಂದೆ ಬರುತ್ತದೆ, ಅದು ನಿಯತ್ತಿಗೆ ಹತ್ತಿರ. ‘ಸಂವಿಧಾನದ ಆಶಯ’ ಎಂದು ನಾವೆಲ್ಲ ಹೇಳುತ್ತೇವೆ, ಅಲ್ವಾ? ಅದೇ ತೂಕ ಇಲ್ಲಿಗೂ ಬೇಕು. ದೀನ್‌ಗೆ ಧರ್ಮ, ನಫ್ಸ್‌ಗೆ ಜೀವ. ‘ಮಾಲು’ ನಮ್ಮ ಸಂತೆಯಲ್ಲೇ ಇದ್ದರೂ ಕನ್ನಡದಲ್ಲಿ ಅದು ಸರಕು ಎಂಬಷ್ಟಕ್ಕೆ ನಿಂತಿದೆ. ಹಾಗಾಗಿ ‘ಆಸ್ತಿ’. ಕೆಲವು ವಿದ್ವಾಂಸರು ಆರನೆಯದಾಗಿ ‘ಇರ್ದ್’ ಸೇರಿಸಿದರು. ಅದಕ್ಕೆ ‘ಮಾನ’ ಸಾಕು.

ತೊಡಕು ಇರುವುದು ನಸ್ಲ್‌ನಲ್ಲಿ. ಉರ್ದುವಿನಲ್ಲಿ ಈ ಪದ ದನಕುರಿಗಳ ತಳಿಗೂ ನಡೆಯುತ್ತದೆ. ಮಳವಳ್ಳಿ ಕಡೆಯ ಬಂಡೂರು ಕುರಿಯನ್ನು ಒಳ್ಳೇ ನಸ್ಲ್ ಎಂದು ಹೊಗಳಬಹುದು. ಆ ಅರ್ಥ ಇಲ್ಲಿ ಬೇಡ. ಕರಡು ಓದಿದ ಹಿರಿಯರೊಬ್ಬರು ‘ವಂಶರಕ್ಷಣೆ’ ಎಂದು ತಿದ್ದಿದರು. ನನಗೆ ಇದು ಸರ್ವಥಾ ಒಪ್ಪಿಗೆ ಇಲ್ಲ. ‘ವಂಶ’ ಎಂದ ಕೂಡಲೇ ನಮ್ಮ ಕಿವಿಗೆ ‘ವಂಶೋದ್ಧಾರಕ’ ಕೇಳುತ್ತದೆ, ಗಂಡು ಮಗುವಿನ ಹಂಬಲ ಕೇಳುತ್ತದೆ. ಜೀವಂತ ಹೂಳಲ್ಪಟ್ಟ ಹೆಣ್ಣು ಮಗುವನ್ನು, ಯಾವ ತಪ್ಪಿಗಾಗಿ ನಿನ್ನನ್ನು ಕೊಂದರು ಎಂದು ಕೇಳಲಾಗುವ ದಿನದ ಬಗ್ಗೆ ಕುರ್‌ಆನ್ (81:8-9) ಎಚ್ಚರಿಸುತ್ತದೆ. ಅಂಥ ಕಡೆಯಿಂದ ಬಂದ ಆಶಯಕ್ಕೆ ‘ವಂಶ’ ಎಂಬ ಪಟ್ಟಿ ಕಟ್ಟಿದರೆ ಅರ್ಥವೇ ತಿರುಗಿಹೋಗುತ್ತದೆ.

ಅರಬ್ಬಿಯ ಒಳಗೂ ಇದರ ಬಗ್ಗೆ ಚರ್ಚೆ ನಡೆದಿದೆ. ಕೆಲವರು ನಸ್ಲ್ ಎಂದರು, ಕೆಲವರು ‘ನಸಬ್’ (ಹುಟ್ಟಿನ ಸಂಬಂಧ) ಎಂದರು. ಟ್ಯುನೀಶಿಯಾದ ಇಬ್ನ್ ಆಶೂರ್ (1879–1973) 1946ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಎರಡನ್ನೂ ಬಿಡಿಸಿ ನೋಡಿದರು. ಸಂತತಿ ನಿಂತುಹೋಗದ ಹಾಗೆ ನೋಡಿಕೊಳ್ಳುವುದು ಒಂದು. ಮಗು ಯಾರದು ಎಂಬುದು ಗೊತ್ತಿರುವ ಹಾಗೆ ನೋಡಿಕೊಳ್ಳುವುದು ಇನ್ನೊಂದು. ಈ ಎರಡನೆಯದರ ಹಿಂದೆಯೂ ಮಗುವಿನ ಹಿತವೇ ಇದೆ. ತನ್ನದು ಎಂಬ ನಂಬಿಕೆ ಇದ್ದಾಗ ತಂದೆ ಸಾಕುವ ಹೊರೆ ಹೊರುತ್ತಾನೆ. ‘ಇದ್ದತ್’ ಅನ್ನು, ಅಂದರೆ ಮದುವೆ ಮುಗಿದ ಹೆಣ್ಣು ಮತ್ತೆ ಮದುವೆಯಾಗುವ ಮುಂಚೆ ಕಾಯಬೇಕಾದ ಅವಧಿಯನ್ನು ನೋಡಿ. ತಲಾಕ್ ಆದವಳಿಗೆ ಮೂರು ಮುಟ್ಟಿನ ಅವಧಿ, ಗಂಡ ಸತ್ತವಳಿಗೆ ನಾಲ್ಕು ತಿಂಗಳು ಹತ್ತು ದಿನ, ಬಸುರಿಯಾಗಿದ್ದರೆ ಹೆರಿಗೆವರೆಗೆ. ಗರ್ಭದಲ್ಲಿ ಮಗು ಇದ್ದರೆ ಅದರ ತಂದೆ ಯಾರು ಎಂಬ ಗೊಂದಲ ಉಳಿಯಬಾರದು ಎಂಬುದು ಇದರ ಒಂದು ಮುಖ್ಯ ಕಾರಣ.

ಇನ್ನೂ ಚೆಂದದ ಉದಾಹರಣೆ ಕುರ್‌ಆನಿನ 2:233ರಲ್ಲಿದೆ. ತಾಯಿ ಪೂರ್ತಿ ಎರಡು ವರ್ಷ ಹಾಲೂಡಿಸಬಹುದು. ಅವಳ ಊಟ, ಬಟ್ಟೆ ತಂದೆಯ ಹೊಣೆ. ಮಗುವಿನ ನೆಪದಲ್ಲಿ ತಾಯಿಗೂ ತೊಂದರೆ ಆಗಬಾರದು, ತಂದೆಗೂ ಆಗಬಾರದು. ಅದಕ್ಕೆ ಮೊದಲೇ ಹಾಲು ಬಿಡಿಸಬೇಕೆಂದರೆ ಇಬ್ಬರೂ ಕೂತು ಮಾತಾಡಿ, ಒಪ್ಪಿ ಮಾಡಬೇಕು. ಒಂದು ಕೂಸಿನ ಹಾಲು ಬಿಡಿಸುವುದಕ್ಕೂ ಸಮಾಲೋಚನೆ! ಇದನ್ನು ಓದಿದ ಮೇಲೆ ನನಗೆ ‘ವಂಶ’, ‘ಕುಲ’ ಎರಡೂ ಬೇಡವೆನಿಸಿತು. ‘ಸಂತತಿ’ ಪರವಾಗಿಲ್ಲ. ಆದರೆ ವಿವರಣೆ ಬರುವ ಕಡೆ ‘ಮಕ್ಕಳು ಮರಿ’ ಎಂದೇ ಬರೆಯುವ ಆಸೆ ನನಗೆ. ಹೇಗೆ ಕೇಳುತ್ತದೆ ಹೇಳಿ.

ಈ ಆಶಯ ಬರೀ ಮಾತಲ್ಲ, ನಮ್ಮ ದೇಶದ ಕಾನೂನಿನಲ್ಲೂ ಕೆಲಸ ಮಾಡಿದೆ. ಗಂಡ ಕಾಣೆಯಾದರೆ ಹೆಂಡತಿ ಎಷ್ಟು ವರ್ಷ ಕಾಯಬೇಕು? ಶರೀಅತ್ತನ್ನು ಅರ್ಥೈಸುವ ಪಂಥಗಳಲ್ಲಿ ಒಂದಾದ ಹನಫಿ ಪಂಥದ ಹಳೆಯ ಅಭಿಪ್ರಾಯದಲ್ಲಿ ಅವನ ವಾರಗೆಯವರೆಲ್ಲ ತೀರಿಹೋಗುವಷ್ಟು ಕಾಲ. ಅಂದರೆ ಅವಳ ಬದುಕೇ ಮುಗಿದಂತೆ. ಇನ್ನೊಂದು ಪಂಥವಾದ ಮಾಲಿಕಿಯಲ್ಲಿ ನಾಲ್ಕು ವರ್ಷ. ಇಲ್ಲಿನ ಹನಫಿ ವಿದ್ವಾಂಸರೇ, ಮುಖ್ಯವಾಗಿ ಅಶ್ರಫ್ ಅಲಿ ಥಾನವಿ ಅವರು, ಇಂಥ ಕಷ್ಟದಲ್ಲಿ ಮಾಲಿಕಿ ಅಭಿಪ್ರಾಯವನ್ನು ತೆಗೆದುಕೊಳ್ಳಬಹುದು ಎಂದರು. ಮುಸ್ಲಿಂ ಹೆಂಗಸು ಕೋರ್ಟಿನ ಮೂಲಕ ಮದುವೆ ಬಿಡಿಸಿಕೊಳ್ಳಲು ದಾರಿ ಮಾಡಿದ 1939ರ ಕಾಯ್ದೆಯಲ್ಲಿ ಆ ನಾಲ್ಕು ವರ್ಷವೇ ಇದೆ. ಗಂಡ ಎರಡು ವರ್ಷ ಜೀವನಾಂಶ ಕೊಡದಿದ್ದರೂ ಅವಳು ಕೇಳಬಹುದು. ಕುಟುಂಬವನ್ನು ಕಾಯುವುದೆಂದರೆ ಮುರಿದ ಮದುವೆಯಲ್ಲಿ ಹೆಣ್ಣನ್ನು ಕಟ್ಟಿಹಾಕುವುದಲ್ಲ. ಈ ಭಾಗವನ್ನು ಪುಸ್ತಿಕೆಯಲ್ಲಿ ಜಾಸ್ತಿ ಬೆಳೆಸಬೇಕು ಎಂದು ಹಟ ಹಿಡಿದಿದ್ದೇನೆ.

ಅಕ್ಲ್‌ಗೆ ಬರೋಣ. ‘ವಿವೇಕ’, ‘ವಿಚಾರಶಕ್ತಿ’, ‘ಬುದ್ಧಿ’ ಮೂರೂ ಪಟ್ಟಿಯಲ್ಲಿವೆ. ನನ್ನ ಓಟು ‘ಬುದ್ಧಿ’ಗೆ. ಶರೀಅತ್‌ನಲ್ಲಿ ಹೊಣೆ ಶುರುವಾಗುವುದೇ ಅಕ್ಲ್‌ನಿಂದ. ಚಿಕ್ಕ ಮಗು, ಮಲಗಿರುವವನು, ಬುದ್ಧಿ ಕಳೆದುಕೊಂಡವನು, ಈ ಮೂವರ ಲೆಕ್ಕ ಬರೆಯದಂತೆ ಲೇಖನಿಯನ್ನು ಎತ್ತಿಡಲಾಗಿದೆ ಎಂದು ಹದೀಸ್ (ಪ್ರವಾದಿಯವರ ಮಾತು) ಇದೆ. ನಮ್ಮಲ್ಲಿ ‘ಅವನಿಗಿನ್ನೂ ಬುದ್ಧಿ ಬಂದಿಲ್ಲ, ಬಿಡಿ’ ಎನ್ನುವುದು ಇದೇ ಅರ್ಥದಲ್ಲಿ. ‘ವಿವೇಕ’ ಎಂದರೆ ಕೆಲವರಿಗಷ್ಟೇ ಇರುವ ಗುಣವಾಗಿಬಿಡುತ್ತದೆ.

ಬುದ್ಧಿ ಕಾಯುವುದಕ್ಕೆ ಹಳೆಯ ಗ್ರಂಥಗಳು ಸಾಮಾನ್ಯವಾಗಿ ಕೊಡುವ ಉದಾಹರಣೆ ಹೆಂಡದ ನಿಷೇಧ. ಹೆಂಡಕ್ಕಿರುವ ಅರಬ್ಬಿ ಪದ ‘ಖಮ್ರ್’ನ ಬೇರಿನಲ್ಲೇ ‘ಮುಚ್ಚು’ ಎಂಬ ಅರ್ಥ ಇದೆ, ಬುದ್ಧಿಯನ್ನು ಮುಚ್ಚುವಂಥದ್ದು. ನಮ್ಮ ಜನ ಅಷ್ಟಕ್ಕೇ ನಿಂತುಬಿಡುತ್ತಾರೆ ಎಂಬುದು ನನ್ನ ಕೊರಗು. ಕೋಪದಲ್ಲಿರುವಾಗ ನ್ಯಾಯಾಧೀಶ ತೀರ್ಪು ಕೊಡಬಾರದು ಎಂಬ ಹದೀಸನ್ನು ಗಝಾಲಿ ಹೇಗೆ ಓದಿದರು ನೋಡಿ. ಕೋಪ ಬುದ್ಧಿಯನ್ನು ಕದಡುತ್ತದೆ. ಹಾಗಾದರೆ ವಿಪರೀತ ಹಸಿವೂ ಕದಡುತ್ತದೆ, ನೋವೂ ಕದಡುತ್ತದೆ. ಆಗಲೂ ತೀರ್ಪು ಬೇಡ. ಅಕ್ಷರದ ಹಿಂದಿನ ಕಾರಣ ಹಿಡಿದು ಮುಂದಕ್ಕೆ ಯೋಚಿಸುವುದು ಎಂದರೆ ಇದು. ಜ್ಞಾನ ಅರಸುವುದು ಪ್ರತಿಯೊಬ್ಬ ಮುಸ್ಲಿಮರ ಕಡ್ಡಾಯ ಕರ್ತವ್ಯ ಎಂಬ ಹದೀಸ್ ಎಲ್ಲರ ಬಾಯಲ್ಲಿದೆ. ಈಗಿನ ವಿದ್ವಾಂಸರು ಶಿಕ್ಷಣ, ಪ್ರಶ್ನಿಸುವ ಸ್ವಾತಂತ್ರ್ಯಗಳನ್ನೂ ಹಿಫ್ಝುಲ್ ಅಕ್ಲ್‌ನಲ್ಲಿ ಸೇರಿಸುತ್ತಾರೆ. ಹುಡುಗಿಯ ಓದನ್ನು ಪಿಯುಸಿಗೇ ನಿಲ್ಲಿಸುವವರಿಗೆ ಈ ಪುಟ ಕಾಣಬೇಕು.

ಈಗ ಮುಖ್ಯ ಪ್ರಶ್ನೆ, ಹಿಫ್ಝ್. ಸಾಮಾನ್ಯವಾಗಿ ‘ಸಂರಕ್ಷಣೆ’ ಎನ್ನುತ್ತಾರೆ. ಆದರೆ ಹಿಫ್ಝ್‌ಗೆ ಎರಡು ಮುಖ ಎಂದು ಶಾತಿಬಿ ಹೇಳುತ್ತಾರೆ. ಒಂದು, ಇರುವುದನ್ನು ನೆಲೆಗೊಳಿಸಿ ಬೆಳೆಸುವುದು. ಇನ್ನೊಂದು, ಹಾಳಾಗದಂತೆ ತಡೆಯುವುದು. ಊಟ, ಬಟ್ಟೆ, ವಾಸದ ಮನೆಯನ್ನು ಅವರು ಜೀವ ಮತ್ತು ಬುದ್ಧಿ ಎರಡನ್ನೂ ಕಾಯುವ ಮೊದಲ ಬಗೆಯಲ್ಲಿ ಎಣಿಸುತ್ತಾರೆ. ಶಿಕ್ಷೆಗಳು ಎರಡನೆಯ ಬಗೆಯವು. ‘ಸಂರಕ್ಷಣೆ’ ಎಂದರೆ ಬೇಲಿ ಹಾಕುವುದಷ್ಟೇ ಕಾಣುತ್ತದೆ. ‘ಸಲಹು’ ಒಳ್ಳೆಯ ಕ್ರಿಯಾಪದ, ಸಾಕುವುದೂ ಕಾಯುವುದೂ ಅದರಲ್ಲಿವೆ. ಆದರೆ ನಾಮಪದ ಮಾಡಿ ‘ಬುದ್ಧಿಯ ಸಲಹೆ’ ಎಂದರೆ ಬೇರೇನೋ ಆಗುತ್ತದೆ. ‘ಪಾಲನೆ’ ಎಂದರೆ ನಿಯಮ ಪಾಲಿಸುವುದು ಎಂದು ತಿಳಿಯುತ್ತಾರೆ.

ಹೀಗೆ ಹುಡುಕುತ್ತಾ ನಾನು ‘ಜೋಪಾನ’ಕ್ಕೆ ಬಂದೆ. ಮಗೂನ ಜೋಪಾನ ಮಾಡು, ದುಡ್ಡು ಜೋಪಾನ, ಜೀವ ಜೋಪಾನ. ಮೈಸೂರು-ಮಂಡ್ಯದ ಯಾವ ಮನೆಯಲ್ಲೂ ಕೇಳುವ ಮಾತು. ಐದರಲ್ಲಿ ಮೂರಕ್ಕೆ ಆಗಲೇ ಬಳಕೆಯಲ್ಲಿದೆ, ಸಾಕುವುದು, ಎಚ್ಚರವಹಿಸುವುದು ಎರಡೂ ಅದರಲ್ಲಿವೆ. ‘ಬುದ್ಧಿಯ ಜೋಪಾನ’ ಹೊಸದಾದರೂ ತಿಳಿಯುತ್ತದೆ. ‘ಧರ್ಮದ ಜೋಪಾನ’ದಲ್ಲಿ ಮಾತ್ರ ನನ್ನ ಕೈ ಸ್ವಲ್ಪ ತಡೆಯುತ್ತಿದೆ. ಶಾಸ್ತ್ರದ ಪದಕ್ಕೆ ಇದು ತೀರಾ ಮನೆಮಾತಾಯಿತು ಎಂದು ಜೊತೆಯವರ ಆಕ್ಷೇಪ. ನನಗೆ ಅದೇ ಅದರ ಬಲ ಅನಿಸುತ್ತದೆ.

ನಿಮ್ಮನ್ನು ಕೇಳುವುದಿಷ್ಟು. ಐದಕ್ಕೂ ಒಂದೇ ಪದ ಇರಲೇಬೇಕೇ, ಅಥವಾ ಧರ್ಮಕ್ಕೆ ‘ರಕ್ಷಣೆ’, ಉಳಿದ ನಾಲ್ಕಕ್ಕೆ ‘ಜೋಪಾನ’ ಎಂದರೆ ನಡೆಯುತ್ತದೆಯೇ? ಧಾರವಾಡ, ಕಲಬುರಗಿ, ಕರಾವಳಿಯ ಗೆಳೆಯರು ಹೇಳಿ: ನಿಮ್ಮ ಕಡೆ ‘ಜೋಪಾನ’ ಮಗುವಿಗೂ ದುಡ್ಡಿಗೂ ಹೀಗೇ ಬಳಕೆಯಲ್ಲಿದೆಯೇ? ಇದಕ್ಕಿಂತ ಗಟ್ಟಿಯಾದ ಪದ ನಿಮ್ಮೂರಿನಲ್ಲಿ ಇದ್ದರೆ, ಅದನ್ನು ಬಳಸುವ ಒಂದು ವಾಕ್ಯದ ಜೊತೆ ಬರೆಯಿರಿ. ಪುಸ್ತಿಕೆ ಇನ್ನೂ ಅಚ್ಚಿಗೆ ಹೋಗಿಲ್ಲ, ಬದಲಾಯಿಸಲು ಸಮಯ ಇದೆ.