ರಿಯಾಯಿತಿ ಮಳಿಗೆಯ ತಿಂಗಳ ಸಾಮಾನು: ಕೈಯಲ್ಲಿ ಉಳಿಯುವುದೆಷ್ಟು?

ತಿಂಗಳಚೀಟಿ, ಮೈಸೂರು:
ಡಿ-ಮಾರ್ಟ್‌ನಂತಹ ರಿಯಾಯಿತಿ ಮಳಿಗೆಗಳಿಂದ ಮನೆಯ ದಿನಸಿ ಖರ್ಚು ನಿಜವಾಗಿ ಇಳಿಯುತ್ತದೆಯೇ ಎಂಬುದನ್ನು ಇಲ್ಲಿ ಸ್ವಲ್ಪ ಲೆಕ್ಕ ಹಾಕಿಯೇ ಚರ್ಚಿಸೋಣ. ನನ್ನ ಅನುಮಾನ ಬಿಲ್ಲಿನ ಕೊನೆಯ ಸಾಲಿನ ಬಗ್ಗೆ. ಅಲ್ಲಿ ‘ನಿಮ್ಮ ಉಳಿತಾಯ’ ಎಂದು ಅಚ್ಚಾಗುವ ಮೊತ್ತವು ಎಂಆರ್‌ಪಿಗೂ ಮಳಿಗೆಯ ದರಕ್ಕೂ ಇರುವ ವ್ಯತ್ಯಾಸ. ಆದರೆ ಎಂಆರ್‌ಪಿ ಎಂಬುದು ಅದಕ್ಕಿಂತ ಹೆಚ್ಚಿಗೆ ಮಾರಬಾರದೆಂಬ ಮಿತಿಯೇ ಹೊರತು ಮಾರಲೇಬೇಕಾದ ದರವಲ್ಲ, ಮತ್ತು ಆ ಮಿತಿಯನ್ನು ಹಾಕುವವರು ತಯಾರಕರೇ. ಐದು ಲೀಟರ್ ಎಣ್ಣೆಯ ಕ್ಯಾನಿಗೆ ಅದರ ಮೇಲೆ ಅಚ್ಚಾದ ಬೆಲೆಯನ್ನು ನಮ್ಮ ಬೀದಿಯ ಅಂಗಡಿಯವರೂ ಪೂರ್ತಿ ತೆಗೆದುಕೊಳ್ಳುವುದಿಲ್ಲ. ಹಾಗಿರುವಾಗ ಎಂಆರ್‌ಪಿಯಿಂದ ಕಳೆದು ತೋರಿಸಿದ್ದನ್ನೆಲ್ಲ ಉಳಿತಾಯವೆಂದು ನಂಬುವುದು ಹೇಗೆ? ಅದೇ ಸಾಮಾನಿಗೆ ನಾನು ಬೇರೆಡೆ ಕೊಡುತ್ತಿದ್ದ ಹಣಕ್ಕೂ ಇಲ್ಲಿ ಕೊಟ್ಟ ಹಣಕ್ಕೂ ಇರುವ ಅಂತರವಷ್ಟೇ ನನ್ನ ಉಳಿತಾಯ, ಮತ್ತು ಆ ಲೆಕ್ಕವನ್ನು ಯಾವ ಬಿಲ್ಲೂ ಮುದ್ರಿಸುವುದಿಲ್ಲ.

ಕೂಡುಕುಟುಂಬ, ದಾವಣಗೆರೆ:
ಎಂಆರ್‌ಪಿಯ ಬಗ್ಗೆ ನೀವು ಹೇಳಿದ್ದು ಸರಿ, ಆದರೆ ಅದರಿಂದ ಉಳಿತಾಯವೇ ಇಲ್ಲವೆಂದು ಸಾಧಿಸಿದಂತಾಗುವುದಿಲ್ಲ. ನಮ್ಮದು ದೊಡ್ಡ ಸಂಸಾರ. ಬಟ್ಟೆ ಸೋಪು, ಮೈ ಸೋಪು, ಟೂತ್‌ಪೇಸ್ಟು, ಚಹಾಪುಡಿ, ಬಿಸ್ಕತ್ತು, ನೆಲ ಒರೆಸುವ ದ್ರಾವಣ ಇವುಗಳ ಖರ್ಚೇ ನಮ್ಮಲ್ಲಿ ದೊಡ್ಡದು, ಮತ್ತು ಇವುಗಳ ಮೇಲೆ ಬೀದಿಯ ಅಂಗಡಿಯವರು ಬಿಡುವುದು ಒಂದೋ ಎರಡೋ ರೂಪಾಯಿ. ರಿಯಾಯಿತಿ ಮಳಿಗೆಯಲ್ಲಿ ಅದಕ್ಕಿಂತ ಕಡಿಮೆಗೆ ಸಿಗುವುದಕ್ಕೆ ಜಾದೂ ಏನೂ ಕಾರಣವಲ್ಲ, ವ್ಯಾಪಾರದ ರೀತಿಯೇ ಹಾಗಿದೆ. 2002ರಲ್ಲಿ ಮುಂಬೈನ ಪೊವಾಯಿಯಲ್ಲಿ ಮೊದಲ ಮಳಿಗೆ ತೆರೆದ ಡಿ-ಮಾರ್ಟ್ ತನ್ನ ಬಹುಪಾಲು ಮಳಿಗೆಗಳ ಕಟ್ಟಡವನ್ನು ಬಾಡಿಗೆಗೆ ಹಿಡಿಯದೆ ಸ್ವಂತಕ್ಕೆ ಕೊಂಡಿದೆ. ಸರಬರಾಜು ಮಾಡಿದವರಿಗೆ ಬೇಗ ಹಣ ಪಾವತಿಸಿ, ಅದಕ್ಕೆ ಪ್ರತಿಯಾಗಿ ಖರೀದಿ ದರವನ್ನು ಇಳಿಸಿಕೊಳ್ಳುತ್ತದೆ. ಮಳಿಗೆಯೊಳಗೆ ಅಲಂಕಾರವಾಗಲಿ ಸೇವೆಯಾಗಲಿ ಅಷ್ಟಕ್ಕಷ್ಟೇ, ರಟ್ಟಿನ ಪೆಟ್ಟಿಗೆಗಳ ನಡುವೆ ನಾವೇ ಹುಡುಕಿಕೊಳ್ಳಬೇಕು. ಹೀಗೆ ಉಳಿದ ಖರ್ಚಿನ ಒಂದು ಭಾಗ ದರದಲ್ಲಿ ಗ್ರಾಹಕರಿಗೆ ಬರುತ್ತದೆ ಎಂದರೆ ನಂಬದಿರಲು ಕಾರಣವಿಲ್ಲ.

ಪೇಟೆಬೀದಿ, ತಿಪಟೂರು:
ನಾನು ದಿನಸಿ ವ್ಯಾಪಾರಿ, ಆದ್ದರಿಂದ ನನ್ನ ಮಾತನ್ನು ಅದಕ್ಕೆ ತಕ್ಕ ಎಚ್ಚರದಿಂದಲೇ ಓದಿಕೊಳ್ಳಿ. ಸೋಪು, ಪೇಸ್ಟುಗಳಲ್ಲಿ ದೊಡ್ಡ ಮಳಿಗೆಯ ದರಕ್ಕೆ ನಾವು ಇಳಿಯಲಾರೆವು, ಅದರಲ್ಲಿ ಮುಚ್ಚುಮರೆ ಏನಿಲ್ಲ. ನಮಗೆ ವಿತರಕರ ಮೂಲಕ ಬರುವ ಮಾಲಿನಲ್ಲಿ ಸಿಗುವ ಮಾರ್ಜಿನ್ನೇ ಸುಮಾರು ಶೇಕಡ 8ರಿಂದ 10. ಕಂಪನಿಗಳು ದೊಡ್ಡ ಜಾಲಗಳಿಗೆ ನೇರವಾಗಿ ಕೊಡುವ ದರವೇ ಬೇರೆ. ಇದೇ ವ್ಯತ್ಯಾಸವನ್ನು ವಿರೋಧಿಸಿ ವಿತರಕರ ಅಖಿಲ ಭಾರತ ಒಕ್ಕೂಟವು 2021ರ ಕೊನೆಯಲ್ಲಿ ಬಹಿರಂಗವಾಗಿ ಜಗಳಕ್ಕೆ ನಿಂತಿತ್ತು. ಆದರೆ ತಿಂಗಳ ಚೀಟಿಯಲ್ಲಿ ಮೊದಲು ಬರೆಯುವುದು ಸೋಪನ್ನಲ್ಲ. ಅಕ್ಕಿ, ತೊಗರಿಬೇಳೆ, ಉದ್ದಿನಬೇಳೆ, ಬೆಲ್ಲ, ಮೆಣಸಿನಕಾಯಿ, ಕೊತ್ತಂಬರಿ ಬೀಜ, ಇವು ಯಾವುದಕ್ಕೂ ಬಿಡಿಯಾಗಿ ಮಾರುವಾಗ ಎಂಆರ್‌ಪಿ ಇರುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿಯೆಂದು ಗಿರಾಕಿಗಳು ಕೇಳಿದರೆ ಚೀಲ ಬಿಚ್ಚಿ, ಒಂದನ್ನು ಮುರಿದು, ಬಣ್ಣ ಮತ್ತು ಸುಕ್ಕನ್ನು ತೋರಿಸಿಯೇ ಕೊಡುತ್ತೇವೆ. ಅಂಟಿಸಿದ ಪ್ಯಾಕೆಟ್ಟಿನಲ್ಲಿ ಎರಡನೇ ದರ್ಜೆಯ ಮಾಲು ಹತ್ತು ರೂಪಾಯಿ ಕಡಿಮೆಗೆ ಸಿಕ್ಕರೆ ಅದನ್ನು ರಿಯಾಯಿತಿ ಎನ್ನುತ್ತೀರೋ, ದರ್ಜೆಗೆ ತಕ್ಕ ಬೆಲೆ ಎನ್ನುತ್ತೀರೋ?

ಅಕ್ಕಿಯ ವಿಷಯ ಇನ್ನೂ ಸ್ಪಷ್ಟವಾಗಿದೆ. 2022ರ ಜುಲೈ 18ರಿಂದ ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ, 25 ಕಿಲೋವರೆಗಿನ ಅಕ್ಕಿ-ಬೇಳೆಗಳ ಮೇಲೆ ಶೇಕಡ 5 ಜಿಎಸ್‌ಟಿ ಬಂದಿತು. ಗಿರಾಕಿಗಳ ಮುಂದೆಯೇ ತೂಗಿ ಕೊಡುವ ಬಿಡಿ ಅಕ್ಕಿಗೆ ಆ ತೆರಿಗೆ ಇಲ್ಲ. ಮಾರುಕಟ್ಟೆಗೆ 26 ಕಿಲೋ ಮೂಟೆಗಳು ಬಂದದ್ದು ಈ ಕಾರಣಕ್ಕೇ.

ತಿಂಗಳಚೀಟಿ, ಮೈಸೂರು:
ಬಿಡಿ ಅಕ್ಕಿ ಈಗ ದೊಡ್ಡ ಮಳಿಗೆಗಳಲ್ಲೂ ಇದೆ, ಅಣ್ಣಾ. ತೆರೆದ ಪೆಟ್ಟಿಗೆಯಿಂದ ನಾವೇ ಮೊಗೆದುಕೊಂಡು ತೂಗಿಸಿಕೊಳ್ಳುವ ವ್ಯವಸ್ಥೆ ಹಲವೆಡೆ ಉಂಟು. ತೆರಿಗೆಯ ಅನುಕೂಲ ನಿಮ್ಮ ಅಂಗಡಿಗೆ ಮಾತ್ರ ಸೇರಿದ್ದಲ್ಲ. ಆದರೆ ದರ್ಜೆಯ ಬಗ್ಗೆ ನೀವು ಎತ್ತಿದ ಪ್ರಶ್ನೆ ನಿಲ್ಲುತ್ತದೆ.

ಸರಾಸರಿ, ಹುಬ್ಬಳ್ಳಿ:
ಲೆಕ್ಕ ಪರಿಶೋಧನೆಯ ಕಸುಬಿನಲ್ಲಿರುವವನಾಗಿ ನನಗೆ ಈ ಚರ್ಚೆಯಲ್ಲಿ ಒಂದು ಕೊರತೆ ಕಾಣುತ್ತಿದೆ. ನೀವೆಲ್ಲರೂ ಪ್ಯಾಕೆಟ್ಟಿನ ಬೆಲೆಯನ್ನು ಹೋಲಿಸುತ್ತಿದ್ದೀರಿ, ಹೋಲಿಸಬೇಕಾದದ್ದು ಗ್ರಾಮಿಗೆ ಅಥವಾ ಮಿಲಿಲೀಟರಿಗೆ ಬೀಳುವ ಬೆಲೆ, ಅಂದರೆ ಘಟಕ ಬೆಲೆ. ಪ್ಯಾಕ್ ಮಾಡಿದ ಸರಕುಗಳ ತೂಕ-ಅಳತೆಯ ನಿಯಮಗಳಿಗೆ 2021ರಲ್ಲಿ ತಂದ ತಿದ್ದುಪಡಿಯು ಎರಡು ಕೆಲಸಗಳನ್ನು ಒಟ್ಟಿಗೆ ಮಾಡಿತು. ಇಂತಿಂಥ ಸರಕು ಇಂತಿಂಥ ಅಳತೆಯಲ್ಲೇ ಬರಬೇಕೆಂಬ ಪಟ್ಟಿಯನ್ನು ತೆಗೆದುಹಾಕಿತು, ಅದಕ್ಕೆ ಬದಲಾಗಿ ಘಟಕ ಬೆಲೆಯನ್ನು ಪ್ಯಾಕೆಟ್ಟಿನ ಮೇಲೆ ಅಚ್ಚು ಹಾಕಬೇಕೆಂದಿತು. ಮೊದಲನೆಯದರ ಫಲವನ್ನು ಎಣ್ಣೆಯ ಕಪಾಟಿನ ಮುಂದೆ ನಿಂತರೆ ಕಾಣಬಹುದು. ಒಂದು ಲೀಟರ್ ಎಣ್ಣೆಯ ತೂಕ ಸುಮಾರು 910 ಗ್ರಾಂ. ಪಕ್ಕಪಕ್ಕದಲ್ಲಿ ಒಂದೇ ಗಾತ್ರದಂತೆ ಕಾಣುವ ಪೌಚುಗಳಲ್ಲಿ ಒಂದರಲ್ಲಿ 910 ಗ್ರಾಂ, ಇನ್ನೊಂದರಲ್ಲಿ 850 ಗ್ರಾಂ ಇರಬಹುದು, ಮತ್ತು ಎರಡನೆಯದರ ಬೆಲೆ ಆರೇಳು ರೂಪಾಯಿ ಕಡಿಮೆಯಿದ್ದರೆ ನಮ್ಮ ಕೈ ಅತ್ತಲೇ ಹೋಗುತ್ತದೆ. 60 ಗ್ರಾಂ ಎಂದರೆ ಶೇಕಡ ಆರೂವರೆ. ಲೀಟರಿಗೆ 150 ರೂಪಾಯಿ ಎಂದು ಹಿಡಿದರೆ ಸುಮಾರು 10 ರೂಪಾಯಿಯ ಎಣ್ಣೆ ಕಡಿಮೆಯಾಗಿರುತ್ತದೆ. ಆರು ರೂಪಾಯಿ ಉಳಿಸಿದೆವೆಂದುಕೊಂಡವರು ನಾಲ್ಕು ರೂಪಾಯಿ ಹೆಚ್ಚು ಕೊಟ್ಟಿರುತ್ತಾರೆ.

ದೊಡ್ಡದನ್ನು ಕೊಂಡರೆ ಅಗ್ಗ ಎಂಬ ನಂಬಿಕೆಯನ್ನೂ ಪರೀಕ್ಷಿಸಬೇಕು. ಶಾಂಪೂ ನೋಡಿ. ಅಂಗಡಿಯ ಬಾಗಿಲಲ್ಲಿ ಸರದಂತೆ ತೂಗುಬಿಡುವ ಒಂದು, ಎರಡು ರೂಪಾಯಿಯ ಸ್ಯಾಶೆಯನ್ನು ಮಿಲಿಲೀಟರಿನ ಲೆಕ್ಕಕ್ಕೆ ತಂದರೆ ಹಲವು ಬ್ರಾಂಡುಗಳಲ್ಲಿ ಅದು ಅದೇ ಬ್ರಾಂಡಿನ ಬಾಟಲಿಗಿಂತ ಅಗ್ಗವಾಗಿರುತ್ತದೆ. ಬಾಟಲಿಗೆ ಮಳಿಗೆಯವರು ಕೊಡುವ ರಿಯಾಯಿತಿಯನ್ನು ಕಳೆದ ಮೇಲೂ ಎಷ್ಟೋ ಸಲ ಈ ಅಂತರ ಮುಚ್ಚುವುದಿಲ್ಲ. ಘಟಕ ಬೆಲೆಯೇನೋ ಅಚ್ಚಾಗಿರುತ್ತದೆ, ಆದರೆ ಅದು ಎಂಆರ್‌ಪಿಯ ಘಟಕ ಬೆಲೆ. ರಿಯಾಯಿತಿ ಕಳೆದ ಮೇಲಿನದನ್ನು ಮೊಬೈಲಿನಲ್ಲಿ ನಾವೇ ಭಾಗಿಸಿ ನೋಡಬೇಕು.

ರೈನ್‌ದಡ, ಡ್ಯೂಸೆಲ್‌ಡಾರ್ಫ್:
ಸರಾಸರಿಯವರು ಹೇಳಿದ ಈ ಭಾಗಾಕಾರವನ್ನು ಜರ್ಮನಿಯಲ್ಲಿ ಅಂಗಡಿಯವರೇ ಮಾಡಿಡಬೇಕು. ಕಿಲೋಗೆ ಅಥವಾ ಲೀಟರಿಗೆ ಎಷ್ಟು ಬೀಳುತ್ತದೆ ಎಂಬುದನ್ನು, ಅದೂ ಅಂದಿನ ಮಾರಾಟ ದರದ ಪ್ರಕಾರ, ಕಪಾಟಿನ ಚೀಟಿಯಲ್ಲಿ ಬರೆಯುವುದು ಇಲ್ಲಿ ಕಡ್ಡಾಯ. ರಿಯಾಯಿತಿ ಮಳಿಗೆ ಎಂಬ ಪದ್ಧತಿ ಬಲವಾಗಿ ಬೇರೂರಿದ ದೇಶವೂ ಇದೇ. ಇಲ್ಲಿನ ಹೆಸರಾಂತ ರಿಯಾಯಿತಿ ಮಳಿಗೆಗಳ ಜಾಲವಾದ ಅಲ್ಡಿಯ ಮೂಲ ನಮ್ಮೂರಿಗೆ ಹತ್ತಿರದ ಎಸ್ಸೆನ್‌ನ ಒಂದು ಸಣ್ಣ ಅಂಗಡಿ. ಇಲ್ಲಿ ಎಂಆರ್‌ಪಿ ಎಂಬುದೇ ಇಲ್ಲದ ಕಾರಣ ‘ಇಷ್ಟು ಉಳಿಸಿದಿರಿ’ ಎಂದು ತೋರಿಸಲು ಅಚ್ಚಾದ ಬೆಲೆಯೊಂದು ಸಿಗುವುದಿಲ್ಲ. ಅಲ್ಡಿಯಂತಹ ಮಳಿಗೆಯವರು ಅಗ್ಗವಾಗಿ ಮಾರುವುದು ಮುಖ್ಯವಾಗಿ ಆಯ್ಕೆಯನ್ನು ಕತ್ತರಿಸುವುದರಿಂದ. ದೊಡ್ಡ ಸೂಪರ್ ಮಾರ್ಕೆಟ್ಟು ಹತ್ತು ಸಾವಿರಕ್ಕೂ ಹೆಚ್ಚು ಬಗೆಯ ಸರಕು ಇಟ್ಟರೆ ಇವರು ಇಡುವುದು ಎರಡು ಸಾವಿರದ ಆಸುಪಾಸು, ಅದರಲ್ಲೂ ಬಹುಪಾಲು ತಮ್ಮದೇ ಬ್ರಾಂಡು. ಭಾರತದ ಮಳಿಗೆಗಳಲ್ಲಿಯೂ ಸ್ವಂತ ಬ್ರಾಂಡಿನ ಬೇಳೆ, ಹಿಟ್ಟು, ಡಿಟರ್ಜೆಂಟು ಇವೆ. ಗುಣಮಟ್ಟ ಒಪ್ಪಿಗೆಯಾದರೆ ನಿಜವಾದ ಅಗ್ಗ ಅಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಹೆಸರಾಂತ ಬ್ರಾಂಡಿನ ಮೇಲಿನ ಎಂಟು ರೂಪಾಯಿ ರಿಯಾಯಿತಿಯನ್ನು ನೋಡುವವರು ಅದರ ಕೆಳಗಿನ ಅಂಕಣದಲ್ಲಿರುವ, ಮೂವತ್ತು ರೂಪಾಯಿ ಕಡಿಮೆಯ ಡಬ್ಬಿಯನ್ನು ನೋಡುವುದಿಲ್ಲ. (ಸೋನಾ ಮಸೂರಿಗೆ ಮಾತ್ರ ನಾವು ಇಲ್ಲಿಯೂ ಭಾರತೀಯರ ಅಂಗಡಿಗೇ ಹೋಗಿ, ಅವರು ಹೇಳಿದಷ್ಟು ಕೊಟ್ಟು ಬರುತ್ತೇವೆ.)

ಇಬ್ಬರಮನೆ, ಬೆಂಗಳೂರು:
ನಿವೃತ್ತ ದಂಪತಿಗಳ ಪರವಾಗಿ ಎರಡು ಮಾತು. ನಮ್ಮಲ್ಲಿ ವಾಹನವಿಲ್ಲ. 2025ರ ಆಗಸ್ಟ್ 1ರಿಂದ ಬೆಂಗಳೂರಿನಲ್ಲಿ ಆಟೋ ದರ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಮುಂದಿನ ಪ್ರತಿ ಕಿಲೋಮೀಟರಿಗೆ 18 ರೂಪಾಯಿ. ನಾಲ್ಕು ಕಿಲೋಮೀಟರ್ ದೂರದ ಮಳಿಗೆಗೆ ಹೋಗಿಬರಲು ಮೀಟರಿನಂತೆ ಹೋದರೂ 144 ರೂಪಾಯಿ ಬೇಕು, ಮತ್ತು ಮೀಟರಿನಂತೆ ಬರುವ ಆಟೋ ಸಿಗುವುದು ಪುಣ್ಯವಂತರಿಗೆ. ನಮ್ಮ ತಿಂಗಳ ದಿನಸಿ ಮೂರು ಸಾವಿರ ರೂಪಾಯಿ ಎಂದಿಟ್ಟುಕೊಂಡರೆ, ಶೇಕಡ 5ರಷ್ಟು ಅಗ್ಗವಾದರೂ ಉಳಿಯುವುದು 150. ಆರು ರೂಪಾಯಿ ಲಾಭಕ್ಕಾಗಿ ಅರ್ಧ ದಿನ ಸಾಲಿನಲ್ಲಿ ನಿಲ್ಲುವ ಶಕ್ತಿ ನಮಗಿಲ್ಲ. ಮೂಟೆ ಅಕ್ಕಿಯೂ ನಮಗೆ ಆಗದು, ತಿಂದು ಮುಗಿಸುವ ಮೊದಲೇ ಹುಳು ಹಿಡಿಯುತ್ತದೆ. ಅಂಗಡಿಯ ಹುಡುಗ ಫೋನ್ ಮಾಡಿದರೆ ಮನೆಗೇ ತಂದುಕೊಡುತ್ತಾನೆ, ಅದಕ್ಕೆ ಪ್ರತ್ಯೇಕ ಹಣವನ್ನೂ ಕೇಳುವುದಿಲ್ಲ.

ಕೂಡುಕುಟುಂಬ, ದಾವಣಗೆರೆ:
ಯಜಮಾನರೇ, ನಿಮ್ಮ ಲೆಕ್ಕವನ್ನೇ ನಮ್ಮ ಮನೆಗೆ ಹಾಕಿ ನೋಡಿ. ತಿಂಗಳಿಗೆ ಹನ್ನೆರಡು ಸಾವಿರ ರೂಪಾಯಿಯ ಸಾಮಾನು, ಮನೆಯದೇ ವಾಹನ, ಅದೇ ಶೇಕಡ 5. ಆರುನೂರು ರೂಪಾಯಿ ಉಳಿದರೆ ಪೆಟ್ರೋಲಿಗೆ ಅರವತ್ತು ಹೋದರೂ ನಮಗೆ ನಷ್ಟವಿಲ್ಲ. ಒಬ್ಬರಿಗೆ ಹೊರೆಯಾದದ್ದು ಇನ್ನೊಬ್ಬರಿಗೆ ಉಪಯೋಗಕ್ಕೆ ಬರಬಾರದೆಂದೇನೂ ಇಲ್ಲ.

ತಿಂಗಳಚೀಟಿ, ಮೈಸೂರು:
ಆ ಆರುನೂರು ಮನೆಗೆ ಬಂದು ಮುಟ್ಟುತ್ತದೆಯೇ ಎಂಬುದೇ ನನ್ನ ಪ್ರಶ್ನೆ. ಡಿ-ಮಾರ್ಟ್‌ನ ವಾರ್ಷಿಕ ವರದಿಗಳ ಪ್ರಕಾರ ಅದರ ಮಾರಾಟದಲ್ಲಿ ಆಹಾರದ ಪಾಲು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಐದನೇ ಒಂದು ಭಾಗಕ್ಕಿಂತ ಹೆಚ್ಚಿನದು ಬಟ್ಟೆ, ಪಾತ್ರೆ, ಪ್ಲಾಸ್ಟಿಕ್ ಸಾಮಾನು, ಗೃಹೋಪಯೋಗಿ ವಸ್ತುಗಳಿಂದ ಬರುತ್ತದೆ, ಮತ್ತು ಅವುಗಳಲ್ಲಿ ಮಾರ್ಜಿನ್ ದಿನಸಿಗಿಂತ ಜಾಸ್ತಿ. ಸಕ್ಕರೆ ಕೊಳ್ಳಲು ಹೋದವರು ಬಕೆಟ್, ಹೊದಿಕೆ, ಮಕ್ಕಳ ಅಂಗಿ ಇರುವ ಸಾಲುಗಳನ್ನು ದಾಟಿಯೇ ಹೊರಬರುವಂತೆ ಎಷ್ಟೋ ಮಳಿಗೆಗಳ ಹಾದಿ ಇರುತ್ತದೆ. ದಿನಸಿಯಲ್ಲಿ ಆರುನೂರು ಬಿಟ್ಟುಕೊಟ್ಟವರು ಅದನ್ನು ಮೇಲಿನ ಮಹಡಿಯಲ್ಲಿ ವಸೂಲು ಮಾಡಿಕೊಂಡರೆ ವ್ಯಾಪಾರಿಯ ತಪ್ಪೇನೂ ಇಲ್ಲ, ಆದರೆ ನಾವು ಅದನ್ನು ದಿನಸಿಯ ಉಳಿತಾಯವೆಂದು ಬರೆದಿಡಬಾರದು. ಕಿರಾಣಿ ಅಂಗಡಿಯಲ್ಲಿ ಚೀಟಿ ಕೊಟ್ಟರೆ ಚೀಟಿಯಲ್ಲಿದ್ದದ್ದು ಮಾತ್ರ ಮನೆಗೆ ಬರುತ್ತಿತ್ತು.

ಕೂಡುಕುಟುಂಬ, ದಾವಣಗೆರೆ:
ಮಕ್ಕಳಿಗೆ ಅಂಗಿ ಬೇಕಿದ್ದರೆ ಎಲ್ಲಿಂದಲಾದರೂ ತರಲೇಬೇಕಲ್ಲವೇ, ಮೇಡಂ? ಬೇಡದ್ದನ್ನು ಕೊಂಡರೆ ಅದು ಕೊಂಡವರ ಗುಣ, ಮಳಿಗೆಯ ದರಕ್ಕೂ ಅದಕ್ಕೂ ಸಂಬಂಧವಿಲ್ಲ.

ಸರಾಸರಿ, ಹುಬ್ಬಳ್ಳಿ:
ಸಂಬಂಧವಿಲ್ಲದಿದ್ದರೆ ಮಳಿಗೆಯವರು ಸಾಮಾನು ಜೋಡಿಸುವುದಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅದಿರಲಿ, ಈ ಎಲ್ಲ ರಿಯಾಯಿತಿ ಮನೆಖರ್ಚಿನ ಎಷ್ಟು ಭಾಗವನ್ನು ಮುಟ್ಟುತ್ತದೆ ಎಂಬುದನ್ನೂ ನೋಡೋಣ. 2023-24ರ ಕೇಂದ್ರ ಸರ್ಕಾರದ ಕೌಟುಂಬಿಕ ವೆಚ್ಚ ಸಮೀಕ್ಷೆಯ ಪ್ರಕಾರ ನಗರವಾಸಿಗಳ ತಲಾ ಮಾಸಿಕ ವೆಚ್ಚ 6,996 ರೂಪಾಯಿ, ಅದರಲ್ಲಿ ಆಹಾರದ ಪಾಲು ಶೇಕಡ 39.68. ಆಹಾರದಲ್ಲಿ ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ಹೋಗುವುದು ಒಟ್ಟು ವೆಚ್ಚದ ಶೇಕಡ 7ರಷ್ಟು. ನಮ್ಮಲ್ಲಿ ನಂದಿನಿ ಹಾಲಿಗೆ ಎಲ್ಲಿ ಕೊಂಡರೂ ಒಂದೇ ದರ. ತರಕಾರಿ, ಹಣ್ಣುಗಳನ್ನು ನಾವು ಹೆಚ್ಚಾಗಿ ಸಂತೆಯಲ್ಲೋ ತಳ್ಳುಗಾಡಿಯಲ್ಲೋ ಹಾಪ್‌ಕಾಮ್ಸ್‌ನಲ್ಲೋ ತರುತ್ತೇವೆ. ಆಹಾರದೊಳಗೆ ಅತಿ ದೊಡ್ಡ ಪಾಲು, ಅಂದರೆ ಒಟ್ಟು ವೆಚ್ಚದ ಶೇಕಡ 11ರಷ್ಟು, ಪಾನೀಯ ಹಾಗೂ ಸಂಸ್ಕರಿಸಿದ ತಿನಿಸುಗಳದು. ರಿಯಾಯಿತಿ ಮಳಿಗೆಯಲ್ಲಿ ‘ಒಂದಕ್ಕೆ ಒಂದು ಉಚಿತ’ ಎಂಬ ಚೀಟಿ ಹೆಚ್ಚು ನೇತಾಡುವುದು ಈ ಸಾಲುಗಳಲ್ಲೇ. ಎರಡು ಪೊಟ್ಟಣ ಚಿಪ್ಸು ತಂದಿಟ್ಟರೆ ಮಕ್ಕಳು ಅದನ್ನು ಎರಡು ವಾರಕ್ಕೆ ಹಂಚಿಕೊಂಡು ತಿನ್ನುವ ಮನೆ ಯಾವುದಿದೆ ಹೇಳಿ.

ಪೇಟೆಬೀದಿ, ತಿಪಟೂರು:
ಉದ್ರಿಯ ವಿಷಯವನ್ನು ಯಾರೂ ಎತ್ತಲಿಲ್ಲ. ನನ್ನ ಪುಸ್ತಕದಲ್ಲಿ ಹೆಸರಿರುವ ಮನೆಗಳ ಪೈಕಿ ಅರ್ಧಕ್ಕರ್ಧ ಮಂದಿ ಕೊಬ್ಬರಿ ಮಾರಿದ ಮೇಲೆ ಬಾಕಿ ತೀರಿಸುವವರು. ಅವರಿಗೆ ಕಿಲೋಗೆ ಎರಡು ರೂಪಾಯಿ ಹೆಚ್ಚು ಬಿದ್ದರೂ ಹೊರಗೆ ಬಡ್ಡಿಗೆ ಸಾಲ ತರುವುದಕ್ಕಿಂತ ಅದೇ ಅಗ್ಗ. ರಿಯಾಯಿತಿ ಮಳಿಗೆಯಲ್ಲಿ ಬಾಕಿ ಬರೆಸುವ ಪದ್ಧತಿಯಿಲ್ಲ.

ಇಬ್ಬರಮನೆ, ಬೆಂಗಳೂರು:
ಉದ್ರಿ ಕೊಡುವ ಕಾರಣಕ್ಕೇ ನಗದು ಕೊಡುವವರಿಗೂ ಅದೇ ಹೆಚ್ಚಿನ ದರ ಹಾಕುವುದು ಮಾತ್ರ ನ್ಯಾಯವಲ್ಲ, ಸ್ವಾಮಿ. ಅದನ್ನೂ ಒಂದಿಷ್ಟು ಯೋಚಿಸಿ.

ಪೇಟೆಬೀದಿ, ತಿಪಟೂರು:
ನಗದು ಗಿರಾಕಿಗಳು ಚೀಟಿಯ ಮೇಲೆ ಕೇಳಿದರೆ ಕಡಿಮೆ ಮಾಡಿಯೇ ಕೊಡುತ್ತೇನೆ. ಕೇಳುವವರು ಕಡಿಮೆ.

ತಿಂಗಳಚೀಟಿ, ಮೈಸೂರು:
ಹಾಗಾದರೆ ಮುಂದಿನ ತಿಂಗಳ ಚೀಟಿಯನ್ನು ಎರಡಾಗಿ ಹರಿಯುತ್ತೇನೆ. ಅಕ್ಕಿ, ಬೇಳೆ, ಮೆಣಸಿನಕಾಯಿ, ಬೆಲ್ಲ ಬೀದಿಯ ಅಂಗಡಿಯಲ್ಲಿ, ನಗದು ದರ ಕೇಳಿ. ಸೋಪು, ಪೇಸ್ಟು, ಚಹಾಪುಡಿ ಮೂರು ತಿಂಗಳಿಗೊಮ್ಮೆ ಮಳಿಗೆಯಲ್ಲಿ. ಎಣ್ಣೆಯನ್ನು ಗ್ರಾಮಿನ ಲೆಕ್ಕದಲ್ಲಿ ಎಲ್ಲಿ ಕಡಿಮೆಯೋ ಅಲ್ಲಿ. ಸರಾಸರಿಯವರೇ, ಎಣ್ಣೆಯ ಹೋಲಿಕೆಗೆ ಪೌಚಿನ ಮೇಲಿನ ತೂಕ ನೋಡಿದರೆ ಸಾಕೇ, ಇಲ್ಲವೇ ಐದು ಲೀಟರಿನ ಕ್ಯಾನನ್ನೂ ಗ್ರಾಮಿಗೆ ಇಳಿಸಿಕೊಳ್ಳಬೇಕೇ?

ಸರಾಸರಿ, ಹುಬ್ಬಳ್ಳಿ:
ಇಳಿಸಿಕೊಳ್ಳಲೇಬೇಕು. ಐದು ಲೀಟರ್ ಎಂದರೆ 4,550 ಗ್ರಾಂ. ಕೆಲವು ಸಲ ಕ್ಯಾನಿಗಿಂತ ಐದು ಪೌಚುಗಳೇ ಅಗ್ಗವಾಗಿ ಬೀಳುತ್ತವೆ, ಆ ಕ್ಯಾನಿನ ಪ್ಲಾಸ್ಟಿಕ್ಕಿಗೂ ನಾವೇ ದುಡ್ಡು ಕೊಡುತ್ತೇವಲ್ಲ.