950 ಡಾಲರ್ ಒಳಗೆ ಕದ್ದರೆ ಕ್ಯಾಲಿಫೋರ್ನಿಯಾದಲ್ಲಿ ಶಿಕ್ಷೆಯೇ ಇಲ್ವಾ?

ಸನ್ನಿವೇಲ್ ಹೊಸಬಳು:

ಎಲ್ಲರಿಗೂ ನಮಸ್ಕಾರ. ನಾವು ಇಲ್ಲಿಗೆ ಬಂದು ಇನ್ನೂ ಜಾಸ್ತಿ ದಿನ ಆಗಿಲ್ಲ. ಮನೆ ಹತ್ತಿರದ ಮೆಡಿಕಲ್ ಸ್ಟೋರಿನಲ್ಲಿ ಬಟ್ಟೆ ಸೋಪು, ರೇಜರ್, ಮಗುವಿನ ಹಾಲಿನ ಪುಡಿ ಎಲ್ಲಕ್ಕೂ ಬೀಗ. ಗುಂಡಿ ಒತ್ತಿ ನಿಲ್ಲಬೇಕು, ಯಾರೋ ಬೀಗದ ಕೈ ಹಿಡಿದು ಬಂದು ತೆಗೆದುಕೊಡುತ್ತಾರೆ, ಅಷ್ಟರಲ್ಲಿ ಮಗು ರಚ್ಚೆ ಹಿಡಿದಿರುತ್ತದೆ. ಊರಿನ ಫ್ಯಾಮಿಲಿ ಗ್ರೂಪಿಗೆ ದೊಡ್ಡಪ್ಪ ಒಂದು ವಿಡಿಯೋ ಹಾಕಿದ್ದರು. ಕ್ಯಾಲಿಫೋರ್ನಿಯಾದಲ್ಲಿ 950 ಡಾಲರ್ ಒಳಗೆ ಏನು ಕದ್ದರೂ ಅಪರಾಧವೇ ಅಲ್ಲ ಅಂತ ಅದರಲ್ಲಿ ಹೇಳುತ್ತಾರೆ. ನಿಜವಾ? 2024ರಲ್ಲಿ ಮತ್ತೆ ಕಾನೂನು ಬಿಗಿ ಮಾಡಿದರು ಅಂತಾನೂ ಕೇಳಿದೆ. ಒಂದು ಕಳ್ಳತನದ ಕಾನೂನನ್ನು ಯಾಕೆ ಹೀಗೆ ಹಿಂದೆ ಮುಂದೆ ಎಳೆದಾಡುತ್ತಿದ್ದಾರೆ?

ಓಕ್ಲಂಡ್ ವಕೀಲ:

ಆ ವಿಡಿಯೋ ಸುಳ್ಳು ಮೇಡಂ. ಒಂದು ಸೋಪು ಕದ್ದರೂ ಅಪರಾಧವೇ. ಇಲ್ಲಿ ಅಪರಾಧಕ್ಕೆ ಎರಡು ದರ್ಜೆ ಇದೆ. ದೊಡ್ಡದು ಫೆಲೊನಿ, ಸಣ್ಣದು ಮಿಸ್‌ಡಿಮೀನರ್. 2014ರಲ್ಲಿ ಜನ ವೋಟು ಹಾಕಿ ಪಾಸು ಮಾಡಿದ ಪ್ರೊಪೊಸಿಷನ್ 47ರ ಪ್ರಕಾರ 950 ಡಾಲರ್ ಒಳಗಿನ ಕಳವು ಸಾಮಾನ್ಯವಾಗಿ ಮಿಸ್‌ಡಿಮೀನರ್. ಅಂಗಡಿ ಕಳವಿಗಾದರೆ ಕೌಂಟಿ ಜೈಲಿನಲ್ಲಿ 6 ತಿಂಗಳವರೆಗೆ ಹಾಕಬಹುದು. ಡ್ರಗ್ಸ್ ಜೇಬಲ್ಲಿ ಇಟ್ಟುಕೊಂಡಿದ್ದಕ್ಕೂ ಅದೇ ಕಾನೂನು ಶಿಕ್ಷೆ ಇಳಿಸಿತು. ಜೈಲಿನ ಖರ್ಚಲ್ಲಿ ಉಳಿದ ಹಣ ಚಿಕಿತ್ಸೆಗೆ, ಶಾಲೆಗಳಿಗೆ, ಅಪರಾಧದಿಂದ ನೊಂದವರಿಗೆ ಹೋಗಬೇಕು ಅಂತಲೂ ಅದರಲ್ಲೇ ಬರೆದಿದೆ.

ಇನ್ನೊಂದು ಮಾತು. 950ರ ಗೆರೆ ಕ್ಯಾಲಿಫೋರ್ನಿಯಾದವರು ಮಾತ್ರ ಎಳೆದ ವಿಚಿತ್ರ ಗೆರೆ ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. ಟೆಕ್ಸಾಸ್ ಅಂದರೆ ಕಠಿಣ ಶಿಕ್ಷೆಗೆ ಹೆಸರಾದ ರಾಜ್ಯ ಅಲ್ವಾ, ಅಲ್ಲಿ ಕಳವು ಫೆಲೊನಿ ಆಗಬೇಕಾದರೆ ಸಾಮಾನ್ಯವಾಗಿ 2,500 ಡಾಲರ್ ದಾಟಬೇಕು. ಹಾಗಾಗಿ ಬೀಗಕ್ಕೆಲ್ಲ ಆ ಗೆರೆಯೇ ಕಾರಣ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಅಂಗಡಿ ಕೆಲಸದವನು, ಸ್ಯಾನ್ ಹೊಸೆ:

ವಕೀಲರೇ, ಕಾನೂನಿನಲ್ಲಿ ನೀವು ಹೇಳಿದ್ದು ಸರಿ. ಆದರೆ ಕೌಂಟರ್ ಹಿಂದೆ ನಿಂತವನಿಗೆ ಅದು ಹಾಗೆ ಕಾಣುವುದಿಲ್ಲ. ನಾನು ಕೆಲಸ ಮಾಡುತ್ತಿದ್ದ ಅಂಗಡಿಗೆ ಒಬ್ಬ ಬರುತ್ತಿದ್ದ, ಕಪ್ಪು ಕಸದ ಚೀಲ ಮನೆಯಿಂದಲೇ ತಂದಿರುತ್ತಿದ್ದ. ಶಾಂಪೂ ಸಾಲಿನ ಮುಂದೆ ನಿಂತು ಚೀಲದ ಬಾಯಿ ಅಗಲ ಮಾಡಿ ಮೊಣಕೈಯಿಂದ ಇಡೀ ಸಾಲನ್ನು ಒಳಗೆ ಗುಡಿಸಿಕೊಳ್ಳುತ್ತಿದ್ದ. ಅಡ್ಡ ಹೋಗಬೇಡಿ ಅಂತ ನಮಗೆ ಮ್ಯಾನೇಜರ್ ಹೇಳಿದ್ದರು. ಪೊಲೀಸರಿಗೆ ಫೋನ್ ಮಾಡಿದರೆ ಅವರು ಬರುವ ಹೊತ್ತಿಗೆ ಅವನು ಬಸ್ಸು ಹತ್ತಿರುತ್ತಿದ್ದ. ಕೆಲವು ದಿನ ಬಿಟ್ಟು ಮತ್ತೆ ಅದೇ ಮುಖ. ಜೊತೆಗಿದ್ದ ಫಿಲಿಪೀನೋ ಅಮ್ಮ ಒಬ್ಬರು ಹೆದರಿ ರಾತ್ರಿ ಪಾಳಿಯನ್ನೇ ಬಿಟ್ಟರು. ಇದು ಸಣ್ಣ ಅಪರಾಧ ಅಂತ ಅವರ ಮುಂದೆ ಹೇಳೋಕೆ ನನಗೆ ಬಾಯಿ ಬರುವುದಿಲ್ಲ.

ಅದಕ್ಕೇ 2024ರ ಪ್ರೊಪೊಸಿಷನ್ 36ಕ್ಕೆ ನಾನು ಹೌದು ಅಂತ ವೋಟು ಹಾಕಿದೆ. ಕಳ್ಳತನಕ್ಕೆ ಹಿಂದೆ ಎರಡು ಸಲ ಶಿಕ್ಷೆ ಆಗಿದ್ದರೆ, ಮೂರನೇ ಸಲ ಎಷ್ಟೇ ಸಣ್ಣ ಮೊತ್ತ ಕದ್ದರೂ ಫೆಲೊನಿ ಕೇಸು ಹಾಕಬಹುದು. ಗವರ್ನರ್ ನ್ಯೂಸಮ್ ವಿರೋಧಿಸಿದರು, ಆದರೂ ಸುಮಾರು 68% ವೋಟು ಬಿತ್ತು. ಅಷ್ಟು ಜನರೂ ಕ್ರೂರಿಗಳಾ? ಅಲ್ಲ, ಅವರಿಗೆ ಸಾಕಾಗಿಹೋಗಿತ್ತು.

ಫ್ರೀಮಾಂಟ್ ಹಳಬ:

ತಮ್ಮಾ, ನಿನ್ನ ಕಷ್ಟ ಅರ್ಥ ಆಗುತ್ತದೆ. ನಾನು 90ರ ದಶಕದಿಂದ ಇಲ್ಲಿದ್ದೇನೆ, ಸಾಕಾಗಿಹೋದ ಜನ ಹಿಂದೆ ಏನು ಮಾಡಿದರು ಅನ್ನುವುದನ್ನೂ ನೋಡಿದ್ದೇನೆ. 1993ರಲ್ಲಿ ಪೆಟಲೂಮಾದಲ್ಲಿ 12 ವರ್ಷದ ಹುಡುಗಿಯನ್ನು ಅವಳ ಮನೆಯಿಂದಲೇ ಎತ್ತಿಕೊಂಡು ಹೋಗಿ ಕೊಂದರು. ಕೊಂದವನು ಹಳೇ ಕೈದಿ, ಜೈಲಿನಿಂದ ಬಿಡುಗಡೆಯಾಗಿ ಬಂದಿದ್ದ. ರಾಜ್ಯಕ್ಕೆ ರಾಜ್ಯವೇ ಕುದಿಯಿತು. 1994ರಲ್ಲಿ 'ಮೂರು ಸ್ಟ್ರೈಕ್' ಕಾನೂನು ಬಂತು, ಸುಮಾರು 72% ಜನ ಅದಕ್ಕೆ ವೋಟು ಹಾಕಿದರು. ಹಿಂದೆ ಎರಡು ಗಂಭೀರ ಅಪರಾಧ ಇದ್ದರೆ ಮೂರನೆಯದು ಯಾವ ಫೆಲೊನಿ ಆದರೂ ಸರಿ, 25 ವರ್ಷದಿಂದ ಜೀವಾವಧಿ, ಅಂದರೆ ಕನಿಷ್ಠ 25 ವರ್ಷ ಒಳಗೆ, ಆಮೇಲೂ ಬಿಡದಿದ್ದರೆ ಸಾಯುವವರೆಗೆ.

ಆ ಕಾನೂನು ಯಾರ ತಲೆ ಮೇಲೆ ಬಿತ್ತು ನೋಡಿ. ಲಾಸ್ ಏಂಜಲಿಸ್ ಹತ್ತಿರ ಎಲ್ ಸೆಗುಂಡೊದ ಗಾಲ್ಫ್ ಮೈದಾನದ ಅಂಗಡಿಯಲ್ಲಿ ಒಬ್ಬ ಪ್ಯಾಂಟಿನ ಕಾಲೊಳಗೆ ಮೂರು ಗಾಲ್ಫ್ ಕೋಲು ತೂರಿಸಿಕೊಂಡ. ಒಂದೊಂದಕ್ಕೆ 399 ಡಾಲರ್. ಕುಂಟುತ್ತಾ ಹೊರಗೆ ಹೋಗುವುದನ್ನು ನೋಡಿ ಅಂಗಡಿಯವನಿಗೆ ಅನುಮಾನ ಬಂತು, ಸಿಕ್ಕಿಬಿದ್ದ. ಅವನಿಗೆ 25 ವರ್ಷದಿಂದ ಜೀವಾವಧಿ. ಇನ್ನೊಬ್ಬ ಎರಡು ಅಂಗಡಿಯಲ್ಲಿ ಒಂಬತ್ತು ವಿಡಿಯೋ ಕ್ಯಾಸೆಟ್ ಕದ್ದ, ಎಲ್ಲ ಸೇರಿ ಸುಮಾರು 150 ಡಾಲರ್. ಅವನಿಗೆ 50 ವರ್ಷದಿಂದ ಜೀವಾವಧಿ. 2003ರಲ್ಲಿ ಸುಪ್ರೀಂ ಕೋರ್ಟು ಎರಡೂ ಶಿಕ್ಷೆಗಳನ್ನು 5-4ರಲ್ಲಿ ಎತ್ತಿಹಿಡಿಯಿತು. ಕೊಲೆಗಡುಕರಿಗೆ ಹೆದರಿ ಮಾಡಿದ ಕಾನೂನು ಕ್ಯಾಸೆಟ್ ಕದ್ದವನನ್ನೂ ಬಿಡಲಿಲ್ಲ. ನನಗೆ ಈಗಲೂ ಅದನ್ನು ನೆನೆಸಿಕೊಂಡರೆ ಸಿಟ್ಟು ಬರುತ್ತದೆ.

ಆಮೇಲೆ ಜೈಲುಗಳು ತುಂಬಿ ತುಳುಕಿದವು. ಸುಮಾರು 80,000 ಜನರಿಗೆ ಕಟ್ಟಿದ ಜಾಗದಲ್ಲಿ ಅದರ ಎರಡರಷ್ಟು. ಜಿಮ್ ಹಾಲ್‌ನಲ್ಲಿ ಮಂಚ ಹಾಕಿ 200 ಜನರನ್ನು ಮಲಗಿಸುತ್ತಿದ್ದರು, ಕೆಲವು ಕಡೆ 54 ಜನಕ್ಕೆ ಒಂದೇ ಕಕ್ಕಸು. ಇದು ನಾನು ಹೇಳುವ ಮಾತಲ್ಲ, 2011ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲೇ ಇದೆ. ಕೈದಿಗಳನ್ನು ಕಡಿಮೆ ಮಾಡಿ ಅಂತ ಕೋರ್ಟು ಆದೇಶ ಕೊಟ್ಟಿತು. 2012ರಲ್ಲಿ ಜನರೇ ಮೂರು ಸ್ಟ್ರೈಕ್ ಕಾನೂನನ್ನು ಸಡಿಲ ಮಾಡಿದರು. ಸಾಮಾನ್ಯವಾಗಿ ಮೂರನೆಯದೂ ಗಂಭೀರ ಅಥವಾ ಹಿಂಸೆಯ ಅಪರಾಧ ಆಗಿದ್ದರೆ ಮಾತ್ರ ಆ ಶಿಕ್ಷೆ ಅಂತ. ಅದರ ನಂಬರೂ 36, ವೋಟು ಸುಮಾರು 69%. ಹನ್ನೆರಡು ವರ್ಷ ಬಿಟ್ಟು ಅದೇ ನಂಬರಿನಲ್ಲಿ, ಹೆಚ್ಚುಕಮ್ಮಿ ಅಷ್ಟೇ ವೋಟಿನಲ್ಲಿ, ಅದೇ ರಾಜ್ಯ ಉಲ್ಟಾ ತಿರುಗಿತು. ಎಳೆದಾಟ ಯಾಕೆ ಅಂತ ಕೇಳಿದಿರಲ್ಲ ಮೇಡಂ, ಇದೇ ಕಥೆ. ಜನ ಒಮ್ಮೆ ಕಳ್ಳನಿಗೆ ಹೆದರುತ್ತಾರೆ, ಒಮ್ಮೆ ಜೈಲು ನೋಡಿ ನಾಚುತ್ತಾರೆ.

ಅಂಗಡಿ ಕೆಲಸದವನು, ಸ್ಯಾನ್ ಹೊಸೆ:

ಅಣ್ಣಾ, ಕ್ಯಾಸೆಟ್ ಕದ್ದವನಿಗೆ 50 ವರ್ಷ ಅನ್ಯಾಯವೇ, ನಾನು ಅದನ್ನು ಕೇಳುತ್ತಲೂ ಇಲ್ಲ. ನನಗೆ ಬೇಕಾಗಿದ್ದು ಆ ಚೀಲದವನು ಮತ್ತೆ ಬರಬಾರದು ಅಂತ ಅಷ್ಟೇ. ಹೊಸ ಕಾನೂನಿನಲ್ಲಿ ಅವನಿಗೆ ಜೀವಾವಧಿ ಏನೂ ಬೀಳುವುದಿಲ್ಲ, ಜಾಸ್ತಿ ಅಂದರೆ 3 ವರ್ಷ.

ಓಕ್ಲಂಡ್ ವಕೀಲ:

ಹೌದು, 2012ರ ಮಿತಿ ಹಾಗೇ ಇದೆ, ಬರೀ ಕಳವಿಗೆ ಸಾಮಾನ್ಯವಾಗಿ ಜೀವಾವಧಿ ಬರುವುದಿಲ್ಲ. ಆದರೆ ನೀವೇ ಹೇಳಿದ ಕಥೆ ಇನ್ನೊಮ್ಮೆ ಓದಿ. ಅವನು ಬಸ್ಸು ಹತ್ತಿ ಹೋದ, ಯಾರೂ ಹಿಡಿಯಲಿಲ್ಲ. ಹಿಡಿಯದವನಿಗೆ 6 ತಿಂಗಳಾದರೇನು, 3 ವರ್ಷವಾದರೇನು? 2019ರ ಎಫ್‌ಬಿಐ ಲೆಕ್ಕದಲ್ಲಿ ಇಡೀ ದೇಶದಲ್ಲಿ ಪೊಲೀಸರಿಗೆ ಬಂದ ಇಂಥ ಕಳವು ಕೇಸುಗಳಲ್ಲಿ ಪತ್ತೆಯಾಗಿದ್ದು ನೂರಕ್ಕೆ 18ರಷ್ಟು ಮಾತ್ರ. ಕಳ್ಳ ಹೆದರುವುದು ಸಿಕ್ಕಿಬೀಳುತ್ತೇನೆ ಅನ್ನುವುದಕ್ಕೆ, ಕಾನೂನು ಪುಸ್ತಕದ ಸಂಖ್ಯೆಗಲ್ಲ. 2024ರ ಆಗಸ್ಟಿನಲ್ಲಿ ಇದೇ ಗವರ್ನರ್ ಸಹಿ ಹಾಕಿದ ಕಾನೂನುಗಳಲ್ಲಿ ಒಂದು ನನಗೆ ಹಿಡಿಸಿತು. ಮೊದಲು ಇಂಥ ಸಣ್ಣ ಕಳವನ್ನು ಪೊಲೀಸ್ ತಾನೇ ಕಣ್ಣಾರೆ ನೋಡದಿದ್ದರೆ ಅರೆಸ್ಟ್ ಮಾಡುವುದು ಕಷ್ಟ ಇತ್ತು. ಈಗ ಕ್ಯಾಮೆರಾ ದೃಶ್ಯ, ಸಾಕ್ಷಿ ಇದ್ದರೆ ಮಾಡಬಹುದು. ನಿಮ್ಮ ಅಂಗಡಿಗೆ ಬೇಕಿದ್ದದ್ದು ಅದು.

2024ರ ಪ್ರೊಪೊಸಿಷನ್ 36ರಲ್ಲಿ ಡ್ರಗ್ಸ್ ಕೇಸಿನವರಿಗೆ ಚಿಕಿತ್ಸೆ ಮುಗಿಸಿದರೆ ಕೇಸು ವಜಾ ಅನ್ನುವ ಭಾಗ ಇದೆ. ಒಳ್ಳೆಯದೇ. ಆದರೆ ಆ ಚಿಕಿತ್ಸೆಗೆ ಅಂತ ಅದರಲ್ಲಿ ಬೇರೆ ಹಣ ಇಟ್ಟಿಲ್ಲ. ಬೆಡ್ಡೇ ಇಲ್ಲದ ಕಡೆ ಜಡ್ಜು ಎಲ್ಲಿಗೆ ಕಳಿಸಬೇಕು?

ಸನ್ನಿವೇಲ್ ಹೊಸಬಳು:

ತುಂಬಾ ಥ್ಯಾಂಕ್ಸ್, ಇದನ್ನೆಲ್ಲ ದೊಡ್ಡಪ್ಪನಿಗೆ ಕಳಿಸುತ್ತೇನೆ. ಇನ್ನೊಂದೇ ಪ್ರಶ್ನೆ. ನಮ್ಮಂಥ ವೀಸಾ ಮೇಲೆ ಇರುವವರ ಮೇಲೆ ಇಂಥ ಕೇಸು ಬಿದ್ದರೆ? ತಮ್ಮ ಓದೋಕೆ ಬರುತ್ತಿದ್ದಾನೆ, ಸೆಲ್ಫ್ ಚೆಕೌಟ್‌ನಲ್ಲಿ ಏನೋ ಸ್ಕ್ಯಾನ್ ಆಗದೆ ಉಳಿದರೆ ಅಂತ ಭಯ.

ಓಕ್ಲಂಡ್ ವಕೀಲ:

ಮರೆತು ಉಳಿದರೆ ಅದು ಕಳ್ಳತನ ಅಲ್ಲ, ಕದಿಯುವ ಉದ್ದೇಶ ಇತ್ತು ಅಂತ ಸರ್ಕಾರ ಸಾಬೀತು ಮಾಡಬೇಕು. ಆದರೆ ಬೇಕಂತ ಮಾಡಿದರೆ ನಮ್ಮವರಿಗೆ ಜೈಲಿಗಿಂತ ದೊಡ್ಡ ಹೊಡೆತ ಇಮಿಗ್ರೇಷನ್‌ನಿಂದ ಬರುತ್ತದೆ. ಕಳ್ಳತನವನ್ನು ಅವರು ನೀತಿಗೆಟ್ಟ ಅಪರಾಧ ಅಂತ ಲೆಕ್ಕ ಹಾಕುತ್ತಾರೆ, ವೀಸಾಕ್ಕೂ ಗ್ರೀನ್ ಕಾರ್ಡಿಗೂ ತೊಂದರೆ. ಇಂಥ ಕಡೆ ಒಂದು ದಿನವೂ ಮುಖ್ಯ. ಒಂದು ವರ್ಷ ಶಿಕ್ಷೆ ಆಗಬಹುದಾದ ಅಪರಾಧ ಅಂದರೆ ಗಡೀಪಾರಿನ ದಾರಿ ತೆರೆಯಬಹುದು ಅಂತಲೇ ಕ್ಯಾಲಿಫೋರ್ನಿಯಾ 2015ರಿಂದ ಮಿಸ್‌ಡಿಮೀನರ್‌ನ ಗರಿಷ್ಠ ಶಿಕ್ಷೆಯನ್ನು 364 ದಿನಕ್ಕೆ ಇಳಿಸಿತು. ತಪ್ಪೊಪ್ಪಿಕೊಂಡರೆ ಗಡೀಪಾರಾಗಬಹುದು ಅಂತ ವಕೀಲ ಮೊದಲೇ ಎಚ್ಚರಿಸಬೇಕು ಅಂತ 2010ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ.

ತಮ್ಮನಿಗೆ ಇಷ್ಟು ಹೇಳಿ: ಅಂಥದ್ದೇನಾದರೂ ಆದರೆ 'ದಂಡ ಕಟ್ಟಿ ಮುಗಿಸಿಬಿಡೋಣ' ಅಂತ ಸುಮ್ನೆ ಸಹಿ ಹಾಕಬಾರದು. ಕೋರ್ಟಿಗೆ ಹೋಗುವ ಮೊದಲೇ ಇಮಿಗ್ರೇಷನ್ ಗೊತ್ತಿರುವ ವಕೀಲರನ್ನು ಕಾಣಲಿ. ಸಹಿ ಬಿದ್ದ ಮೇಲೆ ಬಂದರೆ ನಮ್ಮ ಕೈಯಲ್ಲಿ ಆಗುವುದು ಬಹಳ ಕಡಿಮೆ.