ಅಪ್‌ಡೇಟ್: ಅಣ್ಣನ ಟ್ಯಾಕ್ಸಿಗೆ ಎಫ್‌ಸಿ ಆಯ್ತು

ಅಣ್ಣನ ಹಳದಿ ಬೋರ್ಡ್ ಕಾರಿಗೆ 8 ವರ್ಷ ತುಂಬಿದೆ, ಇನ್ನು ಪ್ರತಿ ವರ್ಷ ಎಫ್‌ಸಿ (ಗಾಡಿ ರಸ್ತೆಗೆ ಯೋಗ್ಯ ಅನ್ನೋ ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕಾ, ಹ್ಯಾಂಡ್‌ಬ್ರೇಕ್ ಸಡಿಲ ಇದ್ದರೆ ಫೇಲ್ ಮಾಡ್ತಾರಾ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ಹೌದು, 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಸ್ವಂತ ಬಳಕೆಯ ವೈಟ್ ಬೋರ್ಡ್ ಕಾರಿನ ಲೆಕ್ಕ ಬೇರೆ. ಅದಕ್ಕೆ 15 ವರ್ಷಕ್ಕೆ ಆರ್‌ಸಿ ರಿನ್ಯೂವಲ್, ನಂತರ 5 ವರ್ಷಕ್ಕೊಮ್ಮೆ.

ಹ್ಯಾಂಡ್‌ಬ್ರೇಕ್ ವಿಷಯಕ್ಕೆ ಬರ್ತೀನಿ. ಸುಮ್ನೆ ಕೇಬಲ್ ಟೈಟ್ ಮಾಡಿಸಬೇಡಿ, ಹಿಂದಿನ ಚಕ್ರದ ಬ್ರೇಕ್ ಡ್ರಮ್ ಬಿಚ್ಚಿಸಿ ಅಂತ ಒಬ್ಬರು ಹೇಳಿದ್ದರಲ್ಲ, ಅವರಿಗೆ ದೊಡ್ಡ ನಮಸ್ಕಾರ. ಬಿಚ್ಚಿ ನೋಡಿದರೆ ಲೈನರ್ (ಬ್ರೇಕ್ ಶೂ ಮೇಲೆ ಇದ್ದು ಡ್ರಮ್‌ಗೆ ಉಜ್ಜೋ ಪಟ್ಟಿ) ಪೂರ್ತಿ ಸವೆದಿತ್ತು, ವೀಲ್ ಸಿಲಿಂಡರ್‌ನಿಂದ ಬ್ರೇಕ್ ಆಯಿಲ್ ಒಸರಿ ಅದರ ಮೇಲೆ ಧೂಳು ಕಪ್ಪಗೆ ಮೆತ್ತಿಕೊಂಡಿತ್ತು. ಎರಡೂ ಕಡೆ ಶೂ, ಸಿಲಿಂಡರ್ ಬದಲಾಯಿಸಿ ಬ್ರೇಕ್ ಪೈಪಿನೊಳಗಿನ ಏರ್ ತೆಗೆಸಿದೆವು.

ಟೈರ್ ಇನ್ನೊಂದು. ಮುಂದಿನದು ಒಳಗಿನ ಅಂಚಿನಲ್ಲಿ ಮಾತ್ರ ಸವೆದಿತ್ತು, ಹೊರಗಿನಿಂದ ನೋಡಿದರೆ ಚೆನ್ನಾಗೇ ಕಾಣುತ್ತೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಒಳಗಡೆ ಕೈಯಾಡಿಸಿ ನೋಡಿ. ಗ್ರೂವ್ ಒಳಗಿನ ಸಣ್ಣ ಉಬ್ಬು ಟೈರಿನ ಮೇಲ್ಮೈಗೆ ಸಮ ಆಗಿದ್ದರೆ ಉಳಿದಿರೋದು 1.6 ಮಿಮೀ ಅಷ್ಟೇ, ಬದಲಾಯಿಸಲೇಬೇಕು.

ಹೆಡ್‌ಲೈಟ್ ಪಾಲಿಶ್, ವೈಪರ್, ಎಮಿಷನ್ ಎಲ್ಲ ಸಲೀಸಾಗಿ ಮುಗಿಯಿತು.

ಏಜೆಂಟ್‌ಗೆ ದುಡ್ಡು ಕೊಟ್ಟು ಮುಗಿಸಿ ಅಂದವರಿಗೆ ಒಂದು ಮಾತು: ಆ ಕಾರಲ್ಲಿ ದಿನಾ ಯಾರದೋ ಮನೆಯವರು ಕೂರ್ತಾರೆ, ಓಡಿಸೋದು ನನ್ನ ಅಣ್ಣ. ಬ್ರೇಕ್ ಆ ಸ್ಥಿತಿಯಲ್ಲಿ ಇಟ್ಟುಕೊಂಡು ಸರ್ಟಿಫಿಕೇಟ್ ಮಾತ್ರ ತಂದು ಏನು ಮಾಡೋದು, ಹೇಳಿ? ಈ ವಾರ ವೀಲ್ ಅಲೈನ್‌ಮೆಂಟ್ ಮಾಡಿಸ್ತಾ ಇದ್ದೀವಿ.